ಯೆಸಿದ್‌ನ ಸೈಕಲ್ಲಿನ ಮುಂದಿನ ಗಾಲಿ

ಮೊಂಗೀ
ಗುರುವಾರ, 17 ಮಾರ್ಚ್ 1988

ಪ್ರೀತಿಯ ತಮ್ಮ ಪಾರ್ಮೆನಿಯೊ,

ಹೇಗಿದ್ದೀಯಪ್ಪಾ? ಜ್ವರ ಪೂರ್ತಿ ಬಿಟ್ಟಿದೆಯೋ, ಬಿಟ್ಟುಬಿಟ್ಟು ಬರುತ್ತಿದೆಯೋ ಎಂಬುದೇ ನನಗೆ ಯೋಚನೆ. ಯೊಪಾಲ್ ಬಸ್ಸಿನ ಎವೆಲಿಯೊ ಸಿಕ್ಕಾಗಲೆಲ್ಲ ನಿನ್ನ ಸಮಾಚಾರ ಕೇಳುತ್ತೇನೆ. ಕ್ರಿಸ್‌ಮಸ್ ಕಳೆದ ಮೇಲೆ ಒಂದು ಸಲ ನಿನ್ನನ್ನು ಅಕ್ಕಿ ಗಿರಣಿಯ ಗೇಟಿನ ಹತ್ತಿರ ನೋಡಿದನಂತೆ. ಅರ್ಧಕ್ಕರ್ಧ ಇಳಿದುಹೋಗಿದ್ದಾನೆ, ಮುಖ ಹಳದಿಗಟ್ಟಿದೆ ಅಂದ. ಆ ಬಯಲಿನ ಸೆಕೆ ನಮ್ಮಂಥ ಚಳಿಯಲ್ಲಿ ಹುಟ್ಟಿದವರಿಗೆ ಎಲ್ಲಿ ಆಗಿಬರಬೇಕು? ನೀರು ಕಾಯಿಸಿಯೇ ಕುಡಿ. ಸೊಳ್ಳೆಪರದೆ ಹರಿದಿದ್ದರೆ ಹೊಲಿದುಕೊ. ಸೂಜಿ ಹಿಡಿಯುವುದನ್ನು ಅಮ್ಮ ನಮ್ಮಿಬ್ಬರಿಗೂ ಒಟ್ಟಿಗೇ ಕಲಿಸಿದ್ದಳು, ಗಂಡುಹುಡುಗ ಅಂತ ನಿನ್ನನ್ನೇನೂ ಬಿಟ್ಟಿರಲಿಲ್ಲ. ಹದಿನಾಲ್ಕು ತಿಂಗಳಾಯಿತು, ನಾನು ನಿನಗೆ ಒಂದು ಸಾಲು ಬರೆಯಲಿಲ್ಲ. ನೀನೂ ಬರೆಯಲಿಲ್ಲ, ನಿಜ. ಆದರೆ ನಿನಗೆ ಕಾರಣವಿತ್ತು, ನನಗೆ ಇರಲಿಲ್ಲ. ಕಾಗದ ಹಿಡಿದು ಕೂತಾಗಲೆಲ್ಲ ಊರು, ತಾರೀಖು ಬರೆದು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ.

ಇಲ್ಲಿ ನಾವು ಇದ್ದೇವೆ. ಫೆಬ್ರವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಮೇಲಿನ ಹೊಲದ ಆಲೂಗೆಡ್ಡೆ ಎಲ್ಲ ಕಪ್ಪಾಯಿತು. ಕೆಳಗಿನ ಹೊಲದ್ದು ಉಳಿದಿದೆ. ನಿನ್ನ ಭಾವನಿಗೆ ಮೊಣಕಾಲು ನೋವು. ನೋವು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಾರೆ, ಅದರಿಂದ ನನಗೆ ಗೊತ್ತು. ನಾನು ಮೊದಲಿನ ಹಾಗೇ ಚರ್ಮದ ಕಾಲ್ಚೆಂಡು ಹೊಲಿಯುತ್ತಿದ್ದೇನೆ. ಮೊದಲು ದಿನಕ್ಕೆ ಎರಡು ಮುಗಿಸುತ್ತಿದ್ದೆ, ಈಗ ಒಂದೂವರೆ. ಕಣ್ಣು ಮಂಜಾಗಿದೆ, ಕೊನೆಯ ತುಂಡು ಕೂಡಿಸುವಾಗ ಸೂಜಿ ಎಲ್ಲಿ ಹೊರಬರುತ್ತದೆಂದು ಬೆರಳಿನಿಂದಲೇ ನೋಡಬೇಕು. ಸೇತುವೆ ಪಕ್ಕದ ನಿನ್ನ ಅಂಗಡಿಯ ಬಾಗಿಲು ಹಾಗೇ ಮುಚ್ಚಿದೆ. ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಗಾಲಿ ಕೂರಿಸಿ ತಿರುಗಿಸುವ ನಿನ್ನ ಸ್ಟ್ಯಾಂಡನ್ನು ಮಾತ್ರ ನಾನು ಮನೆಗೆ ತಂದಿಟ್ಟೆ. ತುಕ್ಕು ಹಿಡಿಯಬಾರದೆಂದು ತಿಂಗಳಿಗೊಮ್ಮೆ ಎಣ್ಣೆಬಟ್ಟೆಯಲ್ಲಿ ಒರೆಸುತ್ತೇನೆ. ಯಾಕೆ ಒರೆಸುತ್ತೀ ಅಂತ ಯಾರೂ ಕೇಳಿಲ್ಲ.

ಎಲ್ವಿಯಾಗೆ ಕೆಲಸ ಸಿಕ್ಕಿತು. ಅದನ್ನೇ ಮೊದಲು ಬರೆಯಬೇಕಿತ್ತು. ಹತ್ತೊಂಬತ್ತು ತುಂಬಿತು ಅವಳಿಗೆ, ಟೀಚರ್ ಆಗಿದ್ದಾಳೆ. ಸೊಗಮೋಸೊ ರಸ್ತೆಯಲ್ಲಿ ಇಳಿಜಾರಿನ ಕೆಳಗೆ ನೀಲಗಿರಿ ಮರಗಳ ಹತ್ತಿರ ಆ ಪುಟ್ಟ ಶಾಲೆ ಇದೆಯಲ್ಲ, ಅಲ್ಲಿ. ಒಂದೇ ಕೋಣೆ, ಮೂವತ್ತೊಂದು ಮಕ್ಕಳು. ನಡೆದು ಹೋದರೆ ಒಂದೂವರೆ ಗಂಟೆ. ಬಸ್ಸು ದಿನಕ್ಕೆರಡು, ಅವೂ ಶಾಲೆಯ ಹೊತ್ತಿಗಲ್ಲ. ಮೊದಲ ತಿಂಗಳು ನಡೆದೇ ಹೋದಳು. ಮಳೆ ಹಿಡಿದ ವಾರ ಕೆಮ್ಮು ಕಟ್ಟಿಕೊಂಡಿತು. ಒಂದು ದಿನ ಊಟಕ್ಕೆ ಕೂತಾಗ, ತಟ್ಟೆಯಿಂದ ತಲೆ ಎತ್ತದೆ, "ಅಪ್ಪಾ, ಅಣ್ಣನ ಸೈಕಲ್ ನಾನು ತಗೊಳ್ತೀನಿ" ಅಂದಳು.

ನಿನ್ನ ಭಾವ ಚಮಚ ಕೆಳಗಿಟ್ಟರು. ಅವತ್ತು ಗೋಧಿನುಚ್ಚಿನ ಸಾರು ಮಾಡಿದ್ದೆ, ಅವರಿಗೆ ಇಷ್ಟ. ಅರ್ಧಕ್ಕೇ ಎದ್ದು ಕೊಟ್ಟಿಗೆ ಕಡೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು ಬಾಗಿಲಲ್ಲಿ ನಿಂತು, "ತಗೋ. ಆದ್ರೆ ಆ ಗಾಲಿಗಳು ಬೇಡ. ಎರಡೂ ಹೊಸದು ಹಾಕ್ಸೋಣ. ಆ ಹಳೇ ಗಾಲೀದು ಒಂದು ಕಡ್ಡಿನೂ ನನ್ನ ಮಗಳ ಸೈಕಲ್‌ನಲ್ಲಿ ಇರಕೂಡದು" ಅಂದರು.

ಪಾರ್ಮೆನಿಯೊ, ನಿನಗೆ ನೆನಪಿದ್ದೇ ಇರುತ್ತದೆ. ಆಚೆ ವರ್ಷ ನವೆಂಬರಿನಲ್ಲಿ ಪ್ರಾಂತ್ಯದ ಸೈಕಲ್ ಸ್ಪರ್ಧೆಗೆ ಯೆಸಿದ್‌ನನ್ನು ಆರಿಸಿದಾಗ ಅವರು ಹೊಸ ಗಾಲಿ ಕೊಡಿಸುತ್ತೇನೆ ಅಂತ ಹಟ ಹಿಡಿದಿದ್ದರು. ನೀನು ಮುಂದಿನ ಗಾಲಿಯನ್ನು ಬಿಚ್ಚಿ, ರಿಮ್ಮನ್ನು ಮೇಜಿನ ಮೇಲೆ ಮಲಗಿಸಿ, ಸುತ್ತಲೂ ಬೆರಳಾಡಿಸಿ, "ಭಾವಾ, ರಿಮ್ ಚೆನ್ನಾಗಿದೆ. ಕಡ್ಡಿ ಮಾತ್ರ ಹೊಸದು ಹಾಕಿ ನಾನು ಕಟ್ಟಿಕೊಡ್ತೀನಿ. ಅಂಗಡೀಲಿ ಸಿಗೋ ರೆಡಿ ಗಾಲಿ ಮೆಷಿನ್ನಲ್ಲಿ ಕಟ್ಟಿರ್ತಾರೆ, ಎರಡು ಇಳಿಜಾರಿಗೆ ಸಡಿಲ ಆಗುತ್ತೆ" ಅಂದೆ. ಯೆಸಿದ್ ನಿನ್ನ ಕಡೆಗೇ ವಾಲಿದ. ಅವನಿಗೆ ನಿನ್ನ ಮಾತೆಂದರೆ ಪಾದ್ರಿಗಳ ಮಾತಿಗಿಂತ ಹೆಚ್ಚು. ಎರಡು ಸಂಜೆ ನಿನ್ನ ಅಂಗಡಿಯಲ್ಲಿ ಕೂತು ಕಡ್ಡಿ ಎತ್ತಿ ಕೊಟ್ಟು ಬಂದ. "ಅಮ್ಮಾ, ಮಾಮ ಕಡ್ಡಿ ಮೀಟಿ ಕಿವಿ ಕೊಟ್ಟು ಕೇಳ್ತಾನೆ, ಗಿಟಾರ್ ಶ್ರುತಿ ಮಾಡೋ ಹಾಗೆ" ಅಂತ ನನಗೆ ತೋರಿಸಿದ್ದ. ನಿನ್ನ ಭಾವ ಸುಮ್ಮನಾದರು, ಆದರೆ ಮನಸ್ಸಿನಿಂದ ಒಪ್ಪಿರಲಿಲ್ಲ.

ಹೋದ ವರ್ಷ ಜನವರಿ ಇಪ್ಪತ್ತನಾಲ್ಕು, ಶನಿವಾರ. ತೋತಾ ಸರೋವರದ ಕಡೆಯಿಂದ ಇಳಿಯುವ ಆ ತಿರುವು. ಈರುಳ್ಳಿ ಲಾರಿಯವನು ಅವನನ್ನೂ ಸೈಕಲ್ಲನ್ನೂ ಒಟ್ಟಿಗೇ ತಂದ. ಮುಂದಿನ ಗಾಲಿ ರೊಟ್ಟಿ ಮಡಚಿದ ಹಾಗೆ ಮಡಚಿಕೊಂಡಿತ್ತು. ಊರಿನವರೆಲ್ಲ ನೋಡಿದ್ದು ಅದನ್ನೇ. ಗಾಲಿ ಕೈಕೊಟ್ಟಿತು, ಹಳೇ ರಿಮ್ಮಂತೆ, ಸೋದರಮಾವನೇ ಕಟ್ಟಿದ್ದಂತೆ. ಯಾರ ಬಾಯಿಂದ ಶುರುವಾಯಿತೋ ತಿಳಿಯದು. ಹೂಳುವ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ. ಆದರೆ ನಿನ್ನ ಮುಖಕ್ಕೆ ಅದನ್ನು ಹೇಳಿದ್ದು ನಾನೊಬ್ಬಳೇ. ಸ್ಮಶಾನದ ಗೇಟಿನ ಹತ್ತಿರ ನೀನು ನನ್ನನ್ನು ಹಿಡಿದುಕೊಳ್ಳಲು ಬಂದೆ. ನಾನು ನಿನ್ನ ಕೈ ತಳ್ಳಿ, ಪಾದ್ರಿಗಳು, ಊರಿನವರು, ಯೆಸಿದ್‌ನ ಗೆಳೆಯರು ಎಲ್ಲರೂ ಕೇಳುವ ಹಾಗೆ, "ಹಳೇ ರಿಮ್ಮಿಗೆ ಕಡ್ಡಿ ಕಟ್ಟಿ ನನ್ನ ಮಗನ್ನ ಮಣ್ಣಿಗೆ ಕಳಿಸಿದೆ" ಅಂದೆ. ನೀನು ಟೋಪಿ ತೆಗೆದೆ, ಮತ್ತೆ ಹಾಕಿಕೊಂಡೆ, ಮತ್ತೆ ತೆಗೆದೆ. ಒಂಬತ್ತು ದಿನದ ಜಪಸರದ ಪ್ರಾರ್ಥನೆಗೆ ಒಂದು ದಿನವೂ ನೀನು ಒಳಗೆ ಬರಲಿಲ್ಲ, ಬೀದಿಯ ಆಚೆ ಗೋಡೆಗೆ ಒರಗಿ ನಿಂತಿದ್ದೆಯಂತೆ. ಹತ್ತನೆಯ ದಿನ ಅಂಗಡಿಗೆ ಬೀಗ ಬಿತ್ತು.

ಅಂದಿನಿಂದ ಸೈಕಲ್ಲು ಕೊಟ್ಟಿಗೆಯಲ್ಲಿ ಗೋಣಿಚೀಲ ಸುತ್ತಿಕೊಂಡು ತೂಗುತ್ತಿತ್ತು. ಹೇಗೆ ತಂದಿದ್ದರೋ ಹಾಗೇ. ನಿನ್ನ ಭಾವ ಅದನ್ನು ಬಿಚ್ಚಿ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕರುಗಳಿಗೆ ಹುಲ್ಲು ಹಾಕುವಾಗ ಅದರ ಕೆಳಗೆ ತಲೆ ತಗ್ಗಿಸಿ ಹೋಗುವುದು ಅಭ್ಯಾಸವಾಗಿಬಿಟ್ಟಿತ್ತು.

ಮೊನ್ನೆ ಮಂಗಳವಾರದ ಸಂತೆಗೆ ನಾವು ಮೂವರೂ ಹೋದೆವು. ಎಲ್ವಿಯಾ ಶಾಲೆಗೆ ಒಂದು ದಿನ ರಜೆ ಕೇಳಿಕೊಂಡಿದ್ದಳು. ಸೈಕಲ್ಲು ಬಸ್ಸಿನ ಮೇಲೆ, ಆಲೂಗೆಡ್ಡೆ ಮೂಟೆಗಳ ಜೊತೆ. ಸೊಗಮೋಸೊದಲ್ಲಿ ರೈಲು ಹಳಿಯ ಆಚೆ ದೊನ್ ಸೌಲ್ ಅಂತ ಒಬ್ಬರು ವಯಸ್ಸಾದವರು ಇದ್ದಾರೆ, ನಿನಗೆ ಗೊತ್ತಿರಬಹುದು, ಎಡಗೈಯಲ್ಲಿ ಒಂದು ಬೆರಳಿಲ್ಲ. ಅವರ ಅಂಗಡಿಯ ಸೂರಿನಿಂದ ಹೊಸ ಗಾಲಿಗಳು ಜೋತಾಡುತ್ತಿದ್ದವು, ಒಂದಕ್ಕೊಂದು ತಗುಲಿ ಮಿನುಗುತ್ತಿದ್ದವು. ನಿನ್ನ ಭಾವ ಒಳಗೆ ಹೋದವರೇ ಅವುಗಳ ಕಡೆ ಕೈ ತೋರಿಸಿ, "ಅದೊಂದು ಜೊತೆ ಹಾಕಿ. ಹಳೇದು ಗುಜರಿಗೆ" ಅಂದರು. ಎಲ್ವಿಯಾ ಅಪ್ಪನ ಮಾತಿಗೆ ಎದುರಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅವತ್ತು, "ಮೊದಲು ಅವರು ನೋಡ್ಲಿ ಅಪ್ಪಾ. ಸರಿ ಆಗೋದಾದ್ರೆ ಮಾಮ ಕಟ್ಟಿದ್ದೇ ಇರ್ಲಿ. ಆಗಲ್ಲ ಅಂದ್ರೆ ಬೇರೆ ಮಾತು" ಅಂದಳು. ಅವಳು ಮಾಮ ಅನ್ನುವ ಪದವನ್ನು ಅವರೆದುರು ಹೇಳಿ ಹದಿನಾಲ್ಕು ತಿಂಗಳಾಗಿತ್ತು. ಅವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು, ಆದರೆ ಮುಖ ಒಳಗೇ ಇತ್ತು.

ದೊನ್ ಸೌಲ್ ಅವಸರದ ಮನುಷ್ಯರಲ್ಲ. ಮೊದಲು ಹಿಂದಿನ ಗಾಲಿ ಹಿಡಿದರು. ಸ್ಟ್ಯಾಂಡಿಗೆ ಹಾಕಿ ತಿರುಗಿಸಿದರೆ ಅದು ಕುಡಿದವನ ಹಾಗೆ ಅತ್ತಿತ್ತ ವಾಲಿತು. "ಇದಕ್ಕೇನೂ ಆಗಿಲ್ಲ. ಆರು ಕಡ್ಡಿ ಹೋಗಿದೆ, ಔಟ್ ಇದೆ. ಹೊಸ ಗಾಲಿ ತಗೊಂಡ್ರೆ ಮೂರ್ಖತನ, ಇಷ್ಟು ಒಳ್ಳೇ ರಿಮ್ ಈಗ ಬರಲ್ಲ" ಅಂದರು. ಆಮೇಲೆ ಮುಂದಿನದು. ಅಣ್ಣ ಬಿದ್ದದ್ದು ಈ ಸೈಕಲ್ಲಿನಿಂದಲೇ ಅಂತ ಎಲ್ವಿಯಾ ಅವರಿಗೆ ಹೇಳಿದಳು. ಅದನ್ನು ಸ್ಟ್ಯಾಂಡಿಗೆ ಹಾಕುವ ಹಾಗೇ ಇರಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಒಂದೊಂದೇ ಕಡ್ಡಿಯನ್ನು ಬೆರಳಿಂದ ಮುಟ್ಟುತ್ತ ಹೋದರು. ಪೂರ್ತಿ ಒಂದು ಸುತ್ತು. ನಾನು ಗೋಡೆಗೆ ನೇತುಹಾಕಿದ್ದ ಚೈನುಗಳನ್ನು ನೋಡುತ್ತ ನಿಂತಿದ್ದೆ. ಕೊನೆಗೆ ಅವರು ಕೇಳಿದರು, "ಇದನ್ನ ಕಟ್ಟಿದ್ದು ಯಾರು?"

"ನನ್ನ ತಮ್ಮ" ಅಂದೆ.

"ಎಲ್ಲಿದ್ದಾನೆ?"

"ಯೊಪಾಲ್‌ನಲ್ಲಿ. ಅಕ್ಕಿ ಗಿರಣೀಲಿ ಪಂಪು ರಿಪೇರಿ ಮಾಡ್ತಾನೆ."

"ಅನ್ಯಾಯ" ಅಂದರು. ಅಷ್ಟೇ ಅಂದು ಮತ್ತೆ ಗಾಲಿ ನೋಡಿದರು. ಆಮೇಲೆ ಎಲ್ವಿಯಾಳನ್ನು ಹತ್ತಿರ ಕರೆದು ತೋರಿಸಿದರು. ಅವರು ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಬರೆಯುತ್ತೇನೆ, ನಿನಗಾಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದೇನೆ. "ನೋಡಮ್ಮ, ಗಾಲಿ ಓಡೋವಾಗ ತಾನಾಗೇ ಕುಸಿದ್ರೆ ಕಡ್ಡಿಗಳು ಈ ನಡುವಿನ ಗುಂಬದ ಹತ್ರ ಕಿತ್ತು ಬರ್ತವೆ, ಇಲ್ಲಾ ರಿಮ್ಮಿನ ತೂತು ಹರಿದು ಹೊರಗೆ ಬರ್ತವೆ. ಇಲ್ಲಿ ಮೂವತ್ತಾರು ಇದೆ. ಬಗ್ಗಿದೆ, ಮುರಿದಿಲ್ಲ. ಒಂದು ತೂತೂ ಹರಿದಿಲ್ಲ. ರಿಮ್ಮು ಇಲ್ಲಿ, ಈ ಒಂದೇ ಜಾಗದಲ್ಲಿ ಒಳಗೆ ಹೋಗಿದೆ, ಕಲ್ಲಿಗೆ ಎದುರುಬದುರು ಹೊಡೆದಿರೋದು. ಮೊದಲು ಕಲ್ಲು, ಆಮೇಲೆ ಮಡಚಿದ್ದು. ಕಲ್ಲು ಸಿಗೋವರೆಗೂ ಈ ಗಾಲಿ ನೆಟ್ಟಗೇ ಓಡಿದೆ. ಇದು ಅವನನ್ನ ಬೀಳಿಸಿಲ್ಲ."

ಮೆಟ್ಟಿಲ ಮೇಲಿದ್ದ ನಿನ್ನ ಭಾವ ಎದ್ದು ಒಳಗೆ ಬಂದರು. "ಇನ್ನೊಂದು ಸಲ ಹೇಳಿ" ಅಂದರು. ದೊನ್ ಸೌಲ್ ಇನ್ನೊಂದು ಸಲ ಹೇಳಿದರು, ಅದೇ ಗಾಲಿಯನ್ನು ಅವರ ಕೈಗೆ ಕೊಟ್ಟು, ಅವರ ಬೆರಳನ್ನೇ ಹಿಡಿದು ಒಂದೊಂದು ತೂತಿನ ಮೇಲೂ ಆಡಿಸಿದರು. ಹಾಗಾದರೆ ಯಾಕೆ ಬಿದ್ದ ಅಂತ ನಿನ್ನ ಭಾವ ಕೇಳಿದರು. ದೊನ್ ಸೌಲ್ ಸೈಕಲ್ಲಿನ ಮುಂದಿನ ಬ್ರೇಕನ್ನು ತಿರುಗಿಸಿ ನೋಡಿದರು. ರಬ್ಬರ್ ಇರಬೇಕಾದಲ್ಲಿ ರಬ್ಬರ್ ಇರಲಿಲ್ಲ, ಬರೀ ತಗಡು. ರಿಮ್ಮಿನ ಎರಡೂ ಬದಿಯಲ್ಲಿ ಸುತ್ತಲೂ ಗೀರು, ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. "ರಬ್ಬರ್ ಮುಗಿದು ತಗಡೇ ಉಜ್ಜಿದೆ. ಒದ್ದೆ ರಸ್ತೇಲಿ ಇದು ಹಿಡಿಯಲ್ಲ. ಹುಡುಗ ಬ್ರೇಕ್ ಹಾಕಿದಾನೆ, ಬಿಡದೆ ಹಾಕಿದಾನೆ. ಹಿಡಿದಿಲ್ಲ" ಅಂದರು. ನಮ್ಮ ಮುಖ ನೋಡಿ ಆಮೇಲೆ ಆ ವಿಷಯ ಎತ್ತಲಿಲ್ಲ, ಒಳಗಿಂದ ಮೂರು ಲೋಟ ಬಿಸಿ ಬೆಲ್ಲದ ನೀರು ತರಿಸಿದರು.

ಮುಂದಿನ ಗಾಲಿಯ ವಿಷಯ ಅವರು ಹೇಳಿದ್ದು ಇದು. ರಿಮ್ಮು ಸತ್ತಿದೆ, ಅದನ್ನು ಯಾರೂ ಎಬ್ಬಿಸಲಾರರು. ಕಡ್ಡಿಗಳು ಮುರಿಯದಿದ್ದರೂ ಒಮ್ಮೆ ಹೀಗೆ ಬಗ್ಗಿದ್ದನ್ನು ಮತ್ತೆ ಹಾಕಬಾರದು. ಉಳಿದದ್ದು ನಡುವಿನ ಗುಂಬ ಒಂದೇ. ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು, ಸದ್ದಿಲ್ಲದೆ ತಿರುಗಿತು. ನನ್ನ ಕೈಗೂ ಕೊಟ್ಟರು, ಗುಂಡುಗಳು ಒಳಗಿವೆಯೋ ಇಲ್ಲವೋ ಅನ್ನುವಷ್ಟು ನಯ. "ವ್ಯಾಪಾರದ ಮಾತು ಕೇಳಿದ್ರೆ, ಒಂದು ಗುಂಬಕ್ಕೋಸ್ಕರ ಹೊಸ ರಿಮ್ಮು, ಹೊಸ ಕಡ್ಡಿ, ಮೇಲೆ ಕಟ್ಟೋ ಕೂಲಿ, ಯಾಕೆ ಬೇಕು? ಆ ನೇತಾಡ್ತಿರೋದನ್ನ ಒಂದು ಗಂಟೇಲಿ ಹಾಕಿಕೊಡ್ತೀನಿ, ಮನೆಗೆ ಹೋಗಿ. ನನ್ನ ಮಾತು ಕೇಳಿದ್ರೆ, ಇಂಥ ಗುಂಬ ಬಿಸಾಡೋಕೆ ನನಗೆ ಮನಸ್ಸಾಗಲ್ಲ" ಅಂದರು. ಆಮೇಲೆ ಕಟ್ಟರ್ ತಗೊಂಡು, "ಕತ್ತರಿಸಲಾ? ಕತ್ತರಿಸಿದ ಮೇಲೆ ಇದು ಗಾಲಿ ಆಗಿರಲ್ಲ" ಅಂದರು. ನಿನ್ನ ಭಾವ ಸೂರು ನೋಡುತ್ತಿದ್ದರು. ಎಲ್ವಿಯಾಳೇ "ಕತ್ತರಿಸಿ" ಅಂದಳು.

ಆ ಕಡ್ಡಿಗಳು ಇನ್ನೂ ಬಿಗಿಯಾಗೇ ಇದ್ದವು, ಪಾರ್ಮೆನಿಯೊ. ಕಟ್ಟರ್ ಕಚ್ಚಿದಾಗ ಒಂದೊಂದೂ ಠಣ್ಣೆಂದು ಸದ್ದು ಮಾಡಿ ಹಾರುತ್ತಿತ್ತು. ಮೊದಲ ಸದ್ದಿಗೆ ನಿನ್ನ ಭಾವ ಬೆಚ್ಚಿದರು, ಆಮೇಲೆ ಬಗ್ಗಿ, ನೆಲಕ್ಕೆ ಬಿದ್ದ ತುಂಡುಗಳನ್ನು ಒಂದೊಂದಾಗಿ ಎತ್ತಿ ಟೋಪಿಯೊಳಗೆ ಹಾಕತೊಡಗಿದರು. ಯಾಕೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ. ಕೆಲಸ ಮುಗಿದ ಮೇಲೆ ದೊನ್ ಸೌಲ್ ಗುಂಬವನ್ನು ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟಾಗ ನಿನ್ನ ಭಾವ ತಾವಾಗೇ ಅಂಗಡಿಯ ಒಳಗೆ ಹೋಗಿ ಬರೀ ರಿಮ್ಮುಗಳನ್ನು ನೋಡತೊಡಗಿದರು. ನಾಲ್ಕೈದನ್ನು ಕೆಳಗಿಳಿಸಿದರು. ನೀನು ಮಾಡುತ್ತಿದ್ದ ಹಾಗೇ ಮೇಜಿನ ಮೇಲೆ ಮಲಗಿಸಿ, ಬೆಸುಗೆಯ ಜಾಗದಲ್ಲಿ ಉಗುರು ಎಳೆದು ನೋಡಿ, ಒಂದನ್ನು ಆರಿಸಿದರು. ದೊನ್ ಸೌಲ್ ಕಟ್ಟಲು ಕೈ ಚಾಚಿದಾಗ, "ಬೇಡ. ಕಡ್ಡಿ ಮೂವತ್ತಾರು ಎಣಿಸಿ ಕೊಡಿ. ಕಟ್ಟೋನು ಬೇರೆ ಇದಾನೆ" ಅಂದರು. ಅವರು ನಿನ್ನ ಹೆಸರು ಹೇಳಲಿಲ್ಲ. ಆದರೆ ನಾನು ಅವರ ಜೊತೆ ಇಪ್ಪತ್ತಮೂರು ವರ್ಷ ಬಾಳಿದವಳು.

ಹಿಂದಿನ ಗಾಲಿಯನ್ನು ದೊನ್ ಸೌಲ್ ಸರಿಮಾಡುತ್ತಿದ್ದಾರೆ, ಮುಂದಿನ ಗಾಲಿ ಹಿಡಿಯುವ ಫೋರ್ಕು ಬೇರೆ ಹಾಕುತ್ತಾರೆ, ಬ್ರೇಕು ಎರಡೂ ಹೊಸದು. ಬ್ರೇಕನ್ನು ಎಲ್ವಿಯಾ ತಾನೇ ಕೂತು ಹಾಕಿಸುತ್ತೇನೆ ಅಂದಿದ್ದಾಳೆ. ಅವಳು ಆ ಇಳಿಜಾರಿನಲ್ಲಿ ಸೈಕಲ್ ಮೇಲೆ ಹೋಗುವುದನ್ನು ನಾನು ಹೇಗೆ ನೋಡಲಿ ಎಂಬುದು ನನಗೇ ತಿಳಿಯದು. ಬೇಡ ಅನ್ನುವ ಅಧಿಕಾರ ನನಗಿಲ್ಲ, ನಡೆದು ನಡೆದು ಅವಳ ಕೆಮ್ಮು ಹೆಚ್ಚಾದರೆ ಅದಕ್ಕೂ ನಾನೇ ಕಾರಣ.

ಆದ್ದರಿಂದ ಈ ಕಾಗದದ ಜೊತೆಗೆ ಎವೆಲಿಯೊ ಬಸ್ಸಿನಲ್ಲಿ ಗುಂಬ, ಕಡ್ಡಿಯ ಕಟ್ಟು, ರಿಮ್ಮು ಬರುತ್ತವೆ. ನಿನಗೆ ಮನಸ್ಸಾದರೆ ಅಲ್ಲೇ ಕಟ್ಟಿ ಅದೇ ಬಸ್ಸಿಗೆ ಕೊಟ್ಟುಕಳಿಸು, ನೀನು ಬರಲೇಬೇಕು ಅಂತ ನಾನು ಹೇಳುವುದಿಲ್ಲ. ಕಟ್ಟಲಾರೆ ಅನಿಸಿದರೆ ಹಾಗೇ ವಾಪಸ್ ಕಳಿಸು, ದೊನ್ ಸೌಲ್ ಕಟ್ಟುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬರುವುದಾದರೆ ನಿನ್ನ ಸ್ಟ್ಯಾಂಡು ಇಲ್ಲೇ ಇದೆ. ಒಂದು ಮುದ್ದೆ ಗಿಣ್ಣೂ ಎರಡು ಅಚ್ಚು ಬೆಲ್ಲವೂ ಇಟ್ಟಿದ್ದೇನೆ. ಗಿಣ್ಣು ಸೆಕೆಗೆ ಕೆಡುವ ಮೊದಲು ತಿನ್ನು.

ಸ್ಮಶಾನದ ಗೇಟಿನ ಹತ್ತಿರ ನಾನು ಆಡಿದ ಮಾತನ್ನು ಕ್ಷಮಿಸು ಅಂತ ಬರೆಯಬೇಕೆಂದು ಕೂತೆ. ಬರೆದಾಗ ಅದು ತೀರಾ ಚಿಕ್ಕದಾಗಿ ಕಾಣುತ್ತದೆ. ಆದರೂ ಬರೆಯುತ್ತಿದ್ದೇನೆ, ಕ್ಷಮಿಸು. ಮಂಗಳವಾರ ಬಸ್ಸಿನಲ್ಲಿ ವಾಪಸ್ ಬರುವಾಗ ನಿನ್ನ ಭಾವ ಕಿಟಕಿಯ ಆಚೆ ನೋಡುತ್ತ ಎರಡೇ ಮಾತು ಆಡಿದರು. ಒಂದು, "ಪಾರ್ಮೆನಿಯೊಗೆ ಬರೆ." ಇನ್ನೊಂದು, ಊರು ಹತ್ತಿರ ಬಂದಾಗ, "ಆ ಹುಡುಗ ಬ್ರೇಕ್ ನೋಡ್ಕೋಬೇಕಿತ್ತು. ಎಷ್ಟು ಸಲ ಹೇಳಿದ್ದೆ, ಉಡಾಫೆ ಮಾಡ್ಬೇಡ ಅಂತ." ನಿನ್ನೆ ಪಕ್ಕದ ಮನೆಯವರ ಮುಂದೆಯೂ ಅದನ್ನೇ ಹೇಳಿದರು. ಎಲ್ವಿಯಾ ಹೌದೆಂದು ತಲೆ ಆಡಿಸಿದಳು. ನಾನು ಚೆಂಡು ಹೊಲಿಯುತ್ತ ಕೂತಿದ್ದೆ.

ಮೊಂಗೀ ಮಾತೆ ನಿನ್ನ ಜ್ವರ ಬಿಡಿಸಿ ನಿನ್ನನ್ನು ಗಟ್ಟಿಯಾಗಿ ಇಡಲಿ. ಎಲ್ವಿಯಾ ನಿನಗೆ ನಮಸ್ಕಾರ ಹೇಳಿದ್ದಾಳೆ, ಮೂವತ್ತೊಂದು ಮಕ್ಕಳಲ್ಲಿ ಇಬ್ಬರು ಈಗಾಗಲೇ ಓದಲು ಕಲಿತರು ಅಂತ ಮಾಮನಿಗೆ ಬರೆ ಅಂದಳು. ನಿನ್ನ ಭಾವ ಏನೂ ಹೇಳಲಿಲ್ಲ, ಆದರೆ ರಿಮ್ಮಿಗೆ ಗೀರು ಬೀಳಬಾರದೆಂದು ತಮ್ಮ ಹಳೇ ಉಣ್ಣೆ ಕಂಬಳಿ ಹರಿದು ಸುತ್ತಿದ್ದು ಅವರೇ.

ನಿನ್ನ ಅಕ್ಕ,
ಹೆರ್ಮೆಲಿಂಡಾ

ತಾ.ಕ. ಸೊಗಮೋಸೊ ಬಸ್ ನಿಲ್ದಾಣದಿಂದ ಬರೆಯುತ್ತಿದ್ದೇನೆ, ಎವೆಲಿಯೊನ ಪೆನ್ನಿನಲ್ಲಿ. ಅವನು ಬಸ್ಸಿನ ಮೇಲೆ ರಿಮ್ಮು ಕಟ್ಟುತ್ತಿದ್ದಾನೆ, ಹೊತ್ತಿಲ್ಲ. ಯೆಸಿದ್ ಉಡಾಫೆ ಮಾಡಲಿಲ್ಲ. ಆ ಶನಿವಾರಕ್ಕೆ ಎರಡು ದಿನ ಮೊದಲು, ಗುರುವಾರ, ನಾನು ಚೆಂಡಿನ ದಾರ ತರಲು ಇಲ್ಲಿಗೆ ಬಂದಿದ್ದೆ. ಮನೆಯಿಂದ ಹೊರಡುವಾಗ ಅವನು ಒಂದು ಚೀಟಿಯಲ್ಲಿ "ಬ್ರೇಕ್ ರಬ್ಬರ್, ಎರಡು ಜೊತೆ" ಅಂತ ಬರೆದು ನನ್ನ ಕೈಗಿಟ್ಟ. "ಮಾಮನ ಹತ್ರ ಈ ಅಳತೇದು ಇಲ್ಲ, ಹೇಳಿದ್ರೆ ಕೆಲಸ ಬಿಟ್ಟು ತರೋಕೆ ಓಡ್ತಾನೆ. ನೀನೇ ತಾ. ಮರೀಬೇಡಮ್ಮ, ಮುಂದಿಂದು ಪೂರ್ತಿ ಹೋಗಿದೆ" ಅಂದ. ನಾನು ಮರೆಯಲಿಲ್ಲ. ಹೋದಾಗ ಅಂಗಡಿ ಊಟಕ್ಕೆ ಮುಚ್ಚಿತ್ತು, ಎರಡಕ್ಕೆ ತೆಗೆಯುತ್ತಾರೆ ಅಂತ ಬರೆದಿತ್ತು. ಒಂದೂವರೆಗೆ ಬಸ್ಸಿತ್ತು. ಮುಂದಿನ ಬಸ್ಸಿಗೆ ಕಾಯಬಹುದಿತ್ತು. ಕಾಲು ನೋಯುತ್ತಿತ್ತು, ಹತ್ತಿಬಿಟ್ಟೆ. ಮನೆಗೆ ಬಂದು ಹೇಳಿದಾಗ ಅವನು, "ಹೋಗ್ಲಿ ಬಿಡಮ್ಮ, ಸೋಮವಾರ ನಾನೇ ತರ್ತೀನಿ" ಅಂದ, ನನ್ನ ಕೈಯಿಂದ ದಾರದ ಗಂಟು ಇಳಿಸಿಕೊಂಡ. ಸ್ಮಶಾನದ ಗೇಟಿನಲ್ಲಿ ನಿನ್ನನ್ನು ದೂಷಿಸಿದಾಗ ಆ ಚೀಟಿ ನನ್ನ ಲಂಗದ ಜೇಬಿನಲ್ಲೇ ಇತ್ತು. ನಿನ್ನ ಗಾಲಿಯದು ತಪ್ಪಿಲ್ಲ ಅಂತ ನನಗೆ ದೊನ್ ಸೌಲ್ ಹೇಳಬೇಕಾಗಿರಲಿಲ್ಲ. ಗೊತ್ತಿದ್ದೇ ಅಂದೆ, ಪಾರ್ಮೆನಿಯೊ. ನಿನ್ನ ಹೆಸರು ಹೇಳದಿದ್ದರೆ ನನ್ನ ಹೆಸರು ಹೇಳಬೇಕಿತ್ತು. ನೀನು ಬದುಕಿದ್ದೀಯ, ಹೊರುತ್ತೀಯ ಅಂತ ನಿನ್ನ ಮೇಲೆ ಬಿಟ್ಟೆ. ಈಗ ಆ ತಪ್ಪು ಯೆಸಿದ್‌ನ ಮೇಲೆ ಹೋಗುತ್ತಿದೆ, ಅವನು ಬಾಯಿಬಿಟ್ಟು ಅಲ್ಲ ಅನ್ನಲಾರ. ನಿನ್ನ ಭಾವನಿಗಾಗಲಿ ಎಲ್ವಿಯಾಗಾಗಲಿ ಇನ್ನೂ ತಿಳಿಯದು. ಇವತ್ತು ಮನೆಗೆ ಹೋಗಿ ಇಬ್ಬರನ್ನೂ ಕೂರಿಸಿಕೊಂಡು ಹೇಳುತ್ತೇನೆ, ನಿನ್ನ ಕೈಗೆ ಈ ಕಾಗದ ಸಿಗುವ ಹೊತ್ತಿಗೆ ಅವರಿಗೆ ಗೊತ್ತಾಗಿರುತ್ತದೆ. ಮೊದಲು ನಿನಗೆ ಹೇಳಬೇಕಿತ್ತು.